ಅಕ್ಕೋರು ಇಂಜೆಕ್ಷನ್ ಬೇಡವೆಂದ ಎಂಟು ದಿನ

ಕಳೆದ ತಿಂಗಳು ವಿಜಯಪುರದ ಗಾಂಧಿ ಚೌಕದ ಒಂದು ಸ್ಟೇಷನರಿ ಅಂಗಡಿಯಲ್ಲಿ ಲೇಬಲ್ ಕೊಳ್ಳಲು ನಿಂತಿದ್ದೆ. ಗಾಜಿನ ಕೆಳಗೆ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ದಪ್ಪ ಪೆನ್ಸಿಲ್ ಕಂಡಿತು. ಇಂಥದ್ದು ಇನ್ನೂ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. "ಈಗ ಯಾರೂ ಕೇಳೂದಿಲ್ರಿ, ಹಳೇ ಸ್ಟಾಕ್" ಎಂದರು ಅಂಗಡಿಯವರು. ನಾನು ಕೊಳ್ಳಲಿಲ್ಲ. ಆದರೂ ಮನೆ ಸೇರುವವರೆಗೆ ಅಕ್ಕೋರ ನೆನಪು ಬಿಡಲಿಲ್ಲ...

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಬಬಲೇಶ್ವರದ ನಮ್ಮ ಶಾಲೆಯಲ್ಲಿ ಮೂವರಿದ್ದರು, ಆದರೆ ಬರೀ 'ಅಕ್ಕೋರು' ಎಂದರೆ ವಿಜ್ಞಾನ ಹೇಳುತ್ತಿದ್ದ ಇವರೊಬ್ಬರೇ. ತಪ್ಪಿಗೆ ಕೆಂಪು, ಸರಿಗೆ ನೀಲಿ. ಅವರ ಪೆನ್ಸಿಲ್ಲಿನ ನೀಲಿ ತುದಿ ವರ್ಷವಿಡೀ ಹೊಸದಾಗಿಯೇ ಇರುತ್ತಿತ್ತು.

ಅವರದೊಂದು ಪದ್ಧತಿ ಇತ್ತು. ಯಾರಾದರೂ ತಪ್ಪು ಮಾಡಿ ಒಪ್ಪಿಕೊಳ್ಳದಿದ್ದರೆ ಇಡೀ ವರ್ಗ ನಿಲ್ಲಬೇಕು. "ಮಾಡಿದಾಂವ ಒಬ್ಬ ಇರಬಹುದು. ನೋಡಿ ಸುಮ್ಮನ ಕುಂತವರು ನಾಕು ಮಂದಿ ಇರ್ತಾರ. ಅವರ ಸಲುವಾಗಿ ಎಲ್ಲಾರೂ ನಿಂದರ್ರಿ" ಎನ್ನುತ್ತಿದ್ದರು. ನಾವು ಐದನೆಯ ಇಯತ್ತೆಯಲ್ಲಿ, ಅಂದರೆ ಐದನೆಯ ತರಗತಿಯಲ್ಲಿದ್ದಾಗ ಒಂದು ದಿನ ಡಸ್ಟರ್ ಕಾಣೆಯಾಯಿತು. ಮಧ್ಯಾಹ್ನದ ಊಟದಿಂದ ಶಾಲೆ ಬಿಡುವವರೆಗೆ ನಿಂತೆವು. ಯಾರೂ ಒಪ್ಪಿಕೊಳ್ಳಲಿಲ್ಲ. ಮರುದಿನ ಬೆಳಗ್ಗೆ ಡಸ್ಟರ್ ಮೇಜಿನ ಮೇಲಿತ್ತು. "ನೋಡ್ರಿ, ನಿಂತಿದ್ದಕ್ಕ ಬಂತು" ಎಂದರು ಅಕ್ಕೋರು. ಅವರ ಪದ್ಧತಿಯ ಬಗ್ಗೆ ನಮಗೆ ಗೌರವ ಹೆಚ್ಚಾಯಿತು.

ಮುಂದೆ ನಮ್ಮ ಮನೆಯವರು ವಿಜಯಪುರಕ್ಕೆ, ಸಿದ್ಧೇಶ್ವರ ಗುಡಿಯ ಹತ್ತಿರಕ್ಕೆ ಬಂದರು. ನಾನು ಓದುತ್ತ ಹೋಗಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದೆ. ಅಕ್ಕೋರು ನಿವೃತ್ತರಾಗಿ ತಿಕೋಟಾದಲ್ಲಿ ತಂಗಿಯ ಮನೆಯಲ್ಲಿದ್ದರು. ಮದುವೆಯಾಗಿರಲಿಲ್ಲ. ಏಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನ ಸಂಶೋಧನೆಯ ಮೊದಲ ವರ್ಷ ಅವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿ, ಶಸ್ತ್ರಚಿಕಿತ್ಸೆಯಾಗಿ, ಕಿಮೋ ನಡೆದಿದೆ ಎಂದು ಅವ್ವ ಹೇಳಿದಳು. ರಜೆಗೆ ಬಂದಾಗ ನೋಡಲು ಹೋದೆ.

ಅಕ್ಕೋರು ಪಡಸಾಲೆಯ ಮಂಚದ ಮೇಲೆ ಕುಳಿತು ಆಸ್ಪತ್ರೆಯ ವರದಿಯನ್ನು ತಿದ್ದುತ್ತಿದ್ದರು. ಅಲ್ಲಲ್ಲಿ ಕೆಂಪು ಗೆರೆ ಬಿದ್ದಿತ್ತು.

"ಬರಿಯೂದ್ರಾಗ ಏಳು ತಪ್ಪು ಮಾಡ್ಯಾರ. ಇಂಥವರು ನನ್ನ ಹೊಟ್ಟಿ ಕೊಯ್ದಾರ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀ ಏನ ಓದಾಕತ್ತಿ?"

"ಸಂಶೋಧನೆ ಮಾಡಾಕತ್ತೇನ್ರಿ."

"ಯಾವುದರ ಮ್ಯಾಲ? ಬಾಯಿ ಬಿಟ್ಟ ಹೇಳ. ಸಣ್ಣಾಕಿ ಇದ್ದಾಗೂ ನಿನ್ನ ಬಾಯಿಂದ ಮಾತ ತಗೀಬೇಕಂದ್ರ ಇಕ್ಕಳ ಬೇಕಿತ್ತು."

ನನ್ನ ವಿಷಯ ಅವರದೇ ಕಾಯಿಲೆ. ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಆದರೆ ಅಕ್ಕೋರಿಗೆ ಸುಳ್ಳು ಹೇಳುವುದು ನನಗೆ ಗೊತ್ತಿರಲಿಲ್ಲ. ಅವರು ನೋಟ್‌ಬುಕ್ ಕೊಟ್ಟು, "ಚಿತ್ರ ತಗದು, ಭಾಗ ಗುರ್ತಿಸಿ ಹೇಳ. ನಿಂತ ಹೇಳ" ಎಂದರು. ನಿಂತೆ. ಕರುಳಿನಲ್ಲಿ ಗಡ್ಡೆ ಎದ್ದಾಗ ಅದನ್ನು ಕೊಲ್ಲಲು ಬಿಳಿ ರಕ್ತಕಣಗಳು ಬರುತ್ತವೆ ಎಂದೆ. ಬಂದವುಗಳಲ್ಲಿ ಕೆಲವು ಅಲ್ಲೇ ಉಳಿದು ಗಡ್ಡೆಯ ಮಾತು ಕೇಳತೊಡಗುತ್ತವೆ. ಸುತ್ತಲಿನ ಗೋಡೆಯನ್ನು ಸಡಿಲ ಮಾಡುತ್ತವೆ, ಗಡ್ಡೆಗೆ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ. ಕೆಲವು ಬಲೆಯಂಥ ಎಳೆಗಳನ್ನು ಹೊರಚೆಲ್ಲುತ್ತವೆ. ರಕ್ತದಲ್ಲಿ ತೇಲುವ ಕ್ಯಾನ್ಸರ್ ಕೋಶ ಆ ಬಲೆಗೆ ಸಿಕ್ಕು ಯಕೃತ್ತಿನಲ್ಲಿ ನೆಲೆಯೂರುತ್ತದೆ...

ಅಕ್ಕೋರು ಬಹಳ ಹೊತ್ತು ಚಿತ್ರ ನೋಡಿದರು.

"ಮೂವತ್ತೆರಡು ವರ್ಷ ನಾ ಹುಡುಗರಿಗೆ ಏನ ಹೇಳೀನಿ? ಬಿಳಿ ರಕ್ತಕಣ ಅಂದ್ರ ನಮ್ಮ ಸೈನಿಕರು ಅಂತ. ಪರೀಕ್ಷಾದಾಗ ಹಂಗ ಬರದವರಿಗೆ ಪೂರಾ ಮಾರ್ಕ್ಸ್ ಕೊಟ್ಟೀನಿ."

"ಅದೂ ಖರೇನ್ರಿ ಅಕ್ಕೋರ."

"ಎರಡೂ ಖರೆ ಇರಾಕ ಇದೇನ ಪಂಚಾಯ್ತಿ ಏನು?"

ಹಾಗೆ ತಿರುಗಿಬೀಳುವವು ಕೆಲವು ಮಾತ್ರ, ಉಳಿದವು ಇಲ್ಲದಿದ್ದರೆ ಮನುಷ್ಯ ಒಂದು ವಾರವೂ ಬದುಕಲಾರ. ಇದನ್ನು ನಾನು ಹೇಳಬೇಕಾಗಿತ್ತು. ಹೇಳುವವಳೇ ಇದ್ದೆ. ಅಷ್ಟರಲ್ಲಿ ಚಹಾ ಬಂತು. ಚಹಾದ ಜೊತೆ ಅವರ ತಂಗಿ ಬಂದರು, ತಂಗಿಯ ಜೊತೆ ಅವರ ಶೆಡ್ಡಿನಲ್ಲಿ ಒಣಗಿಸುತ್ತಿದ್ದ ದ್ರಾಕ್ಷಿಯ ಮಾತು ಬಂತು. ನಾನು ಅರ್ಧ ಕಿಲೋ ಒಣದ್ರಾಕ್ಷಿ ತೆಗೆದುಕೊಂಡು ಬಸ್ಸು ಹತ್ತಿದೆ. ಚೆನ್ನಾಗಿ ವಿವರಿಸಿದೆ ಎಂಬ ಸಂತೋಷ ದಾರಿಯುದ್ದಕ್ಕೂ ಇತ್ತು.

ಮೂರು ವಾರದ ನಂತರ ಅಕ್ಕೋರ ತಂಗಿಯ ಫೋನು ಬಂತು. ನಾನು ಪ್ರಯೋಗಾಲಯದಲ್ಲಿದ್ದೆ.

"ನೀ ಏನ ಹೇಳಿ ಹೋದಿ ತಂಗಿ, ನಮ್ಮ ಅಕ್ಕಗ?"

ಕಿಮೋದಿಂದ ಅಕ್ಕೋರ ಬಿಳಿ ರಕ್ತಕಣಗಳು ತೀರ ಇಳಿದಿದ್ದವು. ಅವು ಏರದೆ ಮುಂದಿನ ಕಿಮೋ ಕೊಡಲು ಬರುವುದಿಲ್ಲ. ಏರಿಸುವ ಇಂಜೆಕ್ಷನ್ನನ್ನು ಡಾಕ್ಟರು ಬರೆದುಕೊಟ್ಟಿದ್ದರು. ಅಕ್ಕೋರು ಬೇಡವೆಂದಿದ್ದರು. ಅಷ್ಟೇ ಆಗಿದ್ದರೆ ತಂಗಿ ಸಂಭಾಳಿಸುತ್ತಿದ್ದರೋ ಏನೋ. ರಕ್ತದ ವರದಿ ನೋಡಿದ ಅಕ್ಕೋರು ಖುಷಿಯಾಗಿ ಓಣಿಗೆಲ್ಲ ಸಕ್ಕರೆ ಹಂಚಿಸಿದ್ದರು.

"ದ್ರೋಹಿಗಳು ಸತ್ತಾರ, ಮತ್ತ ಹೊಸಾ ಭರ್ತಿ ಯಾಕ ಮಾಡ್ಕೊಳ್ಳಿ ಅಂತಾಳ. ನಾಳಿಗೆ ಎಂಟು ದಿನಾ ಆಕ್ಕಾವವಾ. ನಿನ್ನೆ ವಿಜಯಪುರದ ಆಸ್ಪತ್ರ್ಯಾಗ ಸೇರಿಸೇವಿ. ಡಾಕ್ಟರು ಜ್ವರಾ ಬಂದ್ರ ಉಳಿಯೂದು ಕಷ್ಟ ಅಂತಾರ. ನೀನ ಬಂದು ಹೇಳ. ನಮ್ಮ ಮಾತು ಬುಕ್ಕಿನ್ಯಾಗ ಇಲ್ಲಂತ."

ಮರುದಿನ ಮಧ್ಯಾಹ್ನ ವಿಜಯಪುರದ ಆಸ್ಪತ್ರೆ ತಲುಪಿದೆ. ವಾರ್ಡಿನಲ್ಲಿ ಅಕ್ಕೋರು ಪಕ್ಕದ ಮಂಚದವರಿಗೆ ನನ್ನ ಚಿತ್ರ ತೋರಿಸಿ ಪಾಠ ಮಾಡುತ್ತಿದ್ದರು. ಆ ಹೆಂಗಸು ತನಗೆ ಹಾಕುತ್ತಿದ್ದ ಸಲೈನನ್ನೂ ಅನುಮಾನದಿಂದ ನೋಡುತ್ತಿದ್ದರು. ಕಾಲಿನ ಕಡೆ ವಾರ್ಡಿನ ಕಿರಿಯ ಡಾಕ್ಟರು ಫೈಲು ಹಿಡಿದು ನಿಂತಿದ್ದರು. ನೋಡಿದರೆ ನನ್ನ ಐದನೆಯ ಇಯತ್ತೆಯ ಸಹಪಾಠಿ.

"ನೀವಾ ಅದನ್ನ ಕಲಿಸಿದ್ದು?" ಎಂದು ನನ್ನನ್ನು ಕೇಳಿದರು. ಚಿಕ್ಕಂದಿನಲ್ಲಿ ನೀನು ಎನ್ನುತ್ತಿದ್ದವರು.

"ಅರ್ಧಾ ಕಲಿಸೇನಿ" ಎಂದೆ.

"ಉಳಿದರ್ಧಾ ನೀವ ಹೇಳ್ರಿ. ನಾ ಹೇಳಿದ್ರ ಏಳರ ಮಗ್ಗಿ ಅನ್ನು ಅಂತಾರ."

"ಸಣ್ಣಾಂವ ಇದ್ದಾಗ ತಪ್ಪಿದ್ದಿಲ್ಲೇನ ಏಳೆಂಟಲೆ?" ಎಂದರು ಅಕ್ಕೋರು.

ನಾನು ಮಂಚದ ಪಕ್ಕ ನಿಂತು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ದಿನನಿತ್ಯ ಬಾಯಲ್ಲಿ, ಚರ್ಮದ ಮೇಲೆ, ಕರುಳಿನಲ್ಲಿರುವ ಸೂಕ್ಷ್ಮಜೀವಿಗಳನ್ನು ತಡೆಯುವುದು ಇದೇ ಕಣಗಳು. ಈಗ ತಡೆಯುವವರಿಲ್ಲ. ಅಕ್ಕೋರು ಕಿವಿಗೊಟ್ಟು ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಹೊಸದಾಗಿ ಬರೂದ್ರಾಗ ಯಾವುದು ನಿಯತ್ತಿಂದು, ಯಾವುದು ಅಲ್ಲ, ನೀ ಬೊಟ್ಟ ಮಾಡಿ ತೋರಸ್ತಿ?"

"ಆಗೂದಿಲ್ರಿ."

"ಮತ್ತ? ಗೊತ್ತಾಗೂತನಾ ಎಲ್ಲಾರೂ ಹೊರಗ ನಿಂದರ್ಲಿ."

ನಾನು ಎಂದೂ ಅವರಿಗೆ ಎದುರಾಡಿದವಳಲ್ಲ. ಆದರೂ ಹೇಗೋ ಬಾಯಿ ತೆರೆದೆ.

"ಅಕ್ಕೋರ, ಡಸ್ಟರ್ ಕಳದ ದಿನಾ ನಾವು ಎಲ್ಲಾರೂ ನಿಂತಿದ್ವಿ. ನಾ ತಗೊಂಡಿದ್ದಿಲ್ರಿ. ಯಾರು ತಗೊಂಡಾರಂತ ನೋಡಿದ್ದೂ ಇಲ್ಲ. ಸಂಜೀತನಾ ನಿಂತು ಮನಿಗೆ ಹೋಗಿ ಅತ್ತೀನಿ."

ಅಕ್ಕೋರು ಕಿಟಕಿಯ ಕಡೆ ನೋಡಿದರು. ಚಾದರವನ್ನು ಎರಡು ಸಲ ಸರಿ ಮಾಡಿದರು. ಪಕ್ಕದ ಮಂಚದವರು ಕೂಡ ಮುಂದೆ ಬಾಗಿದ್ದರು.

"ಡಸ್ಟರ್ ನನ್ನ ಚೀಲದಾಗ ಇತ್ತು" ಎಂದರು ಅಕ್ಕೋರು.

ಡಾಕ್ಟರ ಕೈಯಲ್ಲಿನ ಫೈಲು ಕೆಳಗಿಳಿಯಿತು. "ಏನ್ರಿ?"

"ಮನಿಗೆ ಹೋಗಿ ನೋಡಿದ್ರ ಚೀಲದಾಗ ಇತ್ತು ಅಂದ್ನಿ. ಕಿವಿ ಕೇಳೂದಿಲ್ಲೇನ?"

"ಅಕ್ಕೋರ, ನಾ ಅವತ್ತ ಚಕ್ಕರ ಬಂದು ಬಿದ್ದಿದ್ದೆರಿ. ಕಳ್ಳ ನಾನ ಅಂತ ಎಲ್ಲಾರೂ ತಿಳಕೊಂಡ್ರು. ನಮ್ಮಪ್ಪ ಮನ್ಯಾಗ ಹೊಡದ."

"ಗೊತ್ತೈತಿ. ಹೇಳಬೇಕಂತ ಮಾಡಿದ್ದೆ. ಹೇಳಿದ್ರ ವರ್ಗದಾಗ ಯಾರೂ ನನ್ನ ಮಾತ ಕೇಳೂದಿಲ್ಲ ಅಂತ ಸುಮ್ಮನಾದೆ." ಬಹಳ ಕಷ್ಟಪಟ್ಟು, "ತಪ್ಪ ಮಾಡೀನಿ" ಎಂದರು. ತೋಳಿನ ಸೆರಗು ಸರಿಸಿದರು. "ಹಾಕಲೇ ಮತ್ತ, ಏನ ನೋಡ್ತಿ. ಇವತ್ತರ ಸರೀ ಮಾಡು."

ಡಾಕ್ಟರು ನರ್ಸನ್ನು ಕರೆಯದೆ ತಾವೇ ಹಾಕಿದರು. ಅಷ್ಟು ನಿಧಾನವಾಗಿ, ಅಷ್ಟು ಶ್ರದ್ಧೆಯಿಂದ ಯಾರಾದರೂ ಇಂಜೆಕ್ಷನ್ ಹಾಕಿದ್ದನ್ನು ನಾನು ನೋಡಿಲ್ಲ. ಅದರಲ್ಲಿ ಗೌರವ ಎಷ್ಟಿತ್ತು, ಹಳೆಯ ಬಾಕಿ ಎಷ್ಟಿತ್ತು ಎಂದು ನಾನು ಕೇಳಲಿಲ್ಲ.

ಕಣಗಳು ಏರಿದವು. ಉಳಿದ ಕಿಮೋ ಎಲ್ಲವೂ ಮುಗಿಯಿತು. ಒಂದೂವರೆ ವರ್ಷ ಅಕ್ಕೋರು ಚೆನ್ನಾಗಿದ್ದರು. ಆಮೇಲೆ ಯಕೃತ್ತಿನಲ್ಲಿ ಕಾಣಿಸಿತು. ನಾನು ಚಿತ್ರದಲ್ಲಿ ಬಾಣದ ಗುರುತು ಹಾಕಿದ ಜಾಗದಲ್ಲೇ...

ಸುದ್ದಿ ತಿಳಿದು ತಿಕೋಟಾಕ್ಕೆ ಹೋದಾಗ ನಾನು ಏನೂ ಹೇಳುವ ಮೊದಲೇ ಅವರು, "ಆ ಎಂಟು ದಿನದಿಂದ ಆಗಿದ್ದಲ್ಲ ಇದು. ಡಾಕ್ಟರಗೂ ಕೇಳೀನಿ. ತಲಿ ಕೆಡಿಸ್ಕೋಬ್ಯಾಡ" ಎಂದರು. ನಾನು ಆ ಪ್ರಶ್ನೆಯನ್ನು ಯಾರ ಎದುರೂ ಆಡಿರಲಿಲ್ಲ. ಆ ವರ್ಷ ದ್ರಾಕ್ಷಿಯ ಸುಗ್ಗಿ ಮುಗಿಯುವಷ್ಟರಲ್ಲಿ ಅವರು ಹೋದರು.

ಎಂಟು ದಿನದಲ್ಲಿ ಗಾಜಿನ ತಟ್ಟೆಯಲ್ಲಿ ಕೋಶಗಳು ಎಷ್ಟಾಗುತ್ತವೆ ಎಂದು ನಾನು ಹೇಳಬಲ್ಲೆ. ಅಕ್ಕೋರೊಳಗೆ ಏನಾಯಿತು ಎಂದು ಹೇಳಲಾರೆ. ಅಷ್ಟು ದಿನದಿಂದ ಹೆಚ್ಚು ವ್ಯತ್ಯಾಸವಾಗಿರಲಿಕ್ಕಿಲ್ಲ ಎಂದು ಡಾಕ್ಟರು ನನಗೂ ಹೇಳಿದರು. ನಂಬಿದ್ದೇನೆ. ಹೆಚ್ಚಿನ ದಿನಗಳಲ್ಲಿ ನಂಬಿದ್ದೇನೆ.

ಮೊನ್ನೆ ಬಬಲೇಶ್ವರದ ಸಂತೆಯಲ್ಲಿ ಹಳೆಯ ನೆರೆಮನೆಯವರು ಸಿಕ್ಕಿ, ಬದನೆಕಾಯಿ ಆರಿಸುತ್ತಲೇ, "ನಿನ್ನ ಓದು ಯಾವುದರ ಮ್ಯಾಲ ಬೇ?" ಎಂದು ಕೇಳಿದರು.

"ಮೊದಲ ಒಂದ ಮಾತು. ಡಾಕ್ಟರು ಯಾವ ಇಂಜೆಕ್ಷನ್ ಬರದ ಕೊಟ್ರೂ ತಗೋರಿ. ಆಮ್ಯಾಲ ಹೇಳತೇನಿ" ಎಂದೆ.

"ನನಗೇನಾಗೇತವಾ? ಆರಾಮ ಅದೇನಿ."

"ಆರಾಮ ಇರ್ರಿ. ಆದರೂ ತಗೋರಿ" ಎಂದೆ. ಅವರು ನನ್ನನ್ನು ಒಂದು ಥರ ನೋಡಿ ಬೇರೆ ಸಾಲಿನ ಕಡೆ ಹೋದರು. ಹೇಳಬೇಕಾದದ್ದನ್ನು ಈ ಸಲ ನಾನು ಮೊದಲೇ ಹೇಳಿದ್ದೆ. ಕೇಳಬೇಕಾಗಿದ್ದ ಅಕ್ಕೋರು ಇರಲಿಲ್ಲ.