ಮಂತ್ರವಾದಿಯ ಬಾಗಿಲು ಕಾದ ಸಿಪಾಯಿ

ಇದು 2022ರ ಬೇಸಿಗೆ ರಜೆಯ ಮಾತು. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆಗ ಭಾಗ್ಯನಗರದ ನಮ್ಮ ಮನೆಯಲ್ಲಿ ಎಲ್ಲರಿಗೂ ದೀಪಾಳದೇ ಚಿಂತೆ. ಅವಳು ಕಿರಿಯ ಮಗನ ಮಗಳು, ಹನ್ನೆರಡು ವರ್ಷ. ಕೊರೊನಾ ಮುಗಿದು ಶಾಲೆ ತೆರೆದಾಗ ಮಾಸ್ತರರು ಎಲ್ಲರೆದುರು ನಿಂತು ಓದು ಎಂದಿದ್ದಾರೆ. ತಡವರಿಸಿದ್ದಾಳೆ, ಹುಡುಗರು ನಕ್ಕಿದ್ದಾರೆ. ಅಂದಿನಿಂದ ಶಾಲೆ ನಿಂತಿತು, ಮಾತೂ ನಿಂತಿತು. ಮೂರು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಬೈದೆ, ಸೊಸೆ ಅತ್ತಳು. ಎರಡರಿಂದಲೂ ಏನೂ ಆಗಲಿಲ್ಲ.

ಮೇ ತಿಂಗಳಲ್ಲಿ ಹಿರಿಯ ಮಗನ ಮಗಳು ಸಹನಾ ಧಾರವಾಡದ ಹಾಸ್ಟೆಲಿನಲ್ಲಿ ಒಂದು ಆಟ ಕಲಿತು ಬಂದಳು. ಒಬ್ಬರು ಕಥೆ ಹೇಳುವುದು, ಉಳಿದವರು ಅದರೊಳಗೆ ಒಂದೊಂದು ಪಾತ್ರ ಆಗುವುದು. ಅಂದುಕೊಂಡ ಕೆಲಸ ಆಯಿತೋ ಇಲ್ಲವೋ ಎಂಬುದು ಇಪ್ಪತ್ತು ಮುಖದ ದಾಳ ಉರುಳಿಸಿದಾಗ ಗೊತ್ತಾಗುತ್ತದೆ. ಕಥೆ ಹೇಳುವವಳು ಸಹನಾ. ಕಾರಟಗಿಯಿಂದ ಬಂದಿದ್ದ ಮಗಳ ಮಗ ವಿನಾಯಕ ಮಂತ್ರವಾದಿಯಾದ. ದೀಪಾ ಸಿಪಾಯಿಯಾದಳು. ಮೊದಲ ದಿನವೇ “ನಾ ಮುಂದ ಹೋಗ್ತೀನಿ” ಎಂದಳು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಎಷ್ಟು ದಿನವಾಗಿತ್ತು ಆ ದನಿ ಕೇಳಿ!

ನಾಲ್ಕನೇ ದಿನ ಕೆಟ್ಟಿತು. ಕಥೆಯಲ್ಲಿ ಬೀಗ ಹಾಕಿದ ಬಾಗಿಲು ಬಂತು, ವಿನಾಯಕ ಮಂತ್ರ ಹೇಳಿ ತೆಗೆದ. ಹೊಳೆ ಬಂತು, ಎಲ್ಲರನ್ನೂ ಹಾರಿಸಿ ದಾಟಿಸಿದ. ಕಳ್ಳರು ಬಂದರು, ದೀಪಾ ಕತ್ತಿ ಎತ್ತುವಷ್ಟರಲ್ಲಿ ಸುಟ್ಟುಹಾಕಿದ.

“ದೀಪಾ, ನೀ ಏನ್ ಮಾಡ್ತಿ?” ಸಹನಾ ಕೇಳಿದಳು.

“ಅಕಿ ಏನ್ ಮಾಡ್ತಾಳ? ನನ್ನ ಚೀಲಾ ಹೊರತಾಳ,” ಎಂದು ವಿನಾಯಕ ನಕ್ಕ.

ದೀಪಾಳ ಮುಖ ನೋಡಿದೆ. ಅಂದು ಶಾಲೆಯಿಂದ ಬಂದಾಗ ಇದ್ದ ಮುಖವೇ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, “ಏ ಬಾಡ್ಯಾ, ಸಣ್ಣ ಹುಡುಗಿಗೆ ಒಂದೀಟು ಬಿಟ್ಟುಕೊಡಾಕ ಆಗಂಗಿಲ್ಲೇನು?” ಎಂದೆ.

ಅದೇ ನಾನು ಮಾಡಿದ ತಪ್ಪು.

“ನನಗ್ಯಾರೂ ಬಿಟ್ಟುಕೊಡೂದು ಬ್ಯಾಡ!” ಎಂದು ದೀಪಾ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೂ ಬರಲಿಲ್ಲ. ಮೂರು ತಿಂಗಳ ಮೇಲೆ ಬಂದ ನಾಲ್ಕು ಮಾತನ್ನು ನಾನೇ ಮತ್ತೆ ಒಳಗೆ ತಳ್ಳಿದೆನಲ್ಲ ಎಂದು ನನಗೂ ತುತ್ತು ಇಳಿಯಲಿಲ್ಲ. ಆ ಬಾಗಿಲ ಮುಂದೆ ಎಷ್ಟು ಸಲ ಓಡಾಡಿದೆನೋ.

ವಿನಾಯಕನೂ ಹೆದರಿದ್ದ. “ಅಜ್ಜಿ, ನಾ ಏನ್ ಮಾಡ್ಲಿ? ಮಂತ್ರವಾದಿಗೆ ಎಲ್ಲಾ ಬರತೈತಿ.”

“ಯಾವ ಮಂತ್ರವಾದಿಗೆ ಎಲ್ಲಾ ಬರತೈತೋ? ನಮ್ಮಪ್ಪ ಚೇಳಿನ ಮಂತ್ರಾ ಹಾಕತಿದ್ದ. ಅವನ ಪಾಡು ನಾ ನೋಡೀನಿ,” ಎಂದೆ.

ನನ್ನ ತವರು ಯಲಬುರ್ಗಾ ಕಡೆಯ ಹಳ್ಳಿ. ಈಗ ಚೇಳು ಕಡಿದರೆ ನೆಟ್ಟಗೆ ದವಾಖಾನೆಗೆ ಹೋಗಿ, ಮಂತ್ರಗಿಂತ್ರ ಹುಡುಕಬೇಡಿ. ಆಗ ನಮ್ಮ ಮನೆಗೆ ಬರುತ್ತಿದ್ದರು. ಅಪ್ಪ ಜಳಕ ಮಾಡಿ ಕೂತು, ಬೇವಿನ ಸೊಪ್ಪು ಮೇಲಿನಿಂದ ಕೆಳಗೆ ಇಳಿಸುತ್ತ ಮಂತ್ರ ಹೇಳಬೇಕು. ನಡುವೆ ಬೇರೆ ಮಾತಾಡುವಂತಿಲ್ಲ, ಏಳುವಂತಿಲ್ಲ. ಯಾರಾದರೂ ಮುಟ್ಟಿದರೆ ಮಂತ್ರ ಮುರಿಯಿತು, ಮತ್ತೆ ಮೊದಲಿನಿಂದ. ಒಬ್ಬರಿಗೆ ಹಾಕಿದರೆ ಮರುದಿನದ ಜಳಕದವರೆಗೆ ಇನ್ನೊಬ್ಬರಿಗಿಲ್ಲ. ಅಷ್ಟು ಹೊತ್ತೂ ಅವ್ವ ಬಡಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ನಾಯಿಯನ್ನೂ ಬಿಡುತ್ತಿರಲಿಲ್ಲ, ಅಳುತ್ತ ನುಗ್ಗುವ ನೆಂಟರನ್ನೂ ಬಿಡುತ್ತಿರಲಿಲ್ಲ.

ಸಹನಾ ಪೆನ್ನು ತೆಗೆದಳು. “ಇದು ಛಲೋ ಐತಿ ಅಜ್ಜಿ. ಮಂತ್ರಾ ಮುಗಿಯಾಕ ಮೂರು ಸರತಿ ಬೇಕು. ಅಷ್ಟರಾಗ ಯಾರರ ಮುಟ್ಟಿದ್ರ ಮುರೀತು. ದಿನಕ್ಕ ಒಂದ ಮಂತ್ರ.”

“ಹಂಗಾದ್ರ ನನ್ನ ಕಾಯೋರು ಯಾರು?” ವಿನಾಯಕ ಕೂಗಿದ.

ಕೋಣೆಯ ಬಾಗಿಲು ಒಂದಿಷ್ಟು ಸರಿಯಿತು.

“ಅಜ್ಜಿ, ನಿಮ್ಮವ್ವನ ಬಡಿಗಿ ಎಷ್ಟು ಉದ್ದ ಇತ್ತು?”

“ನಿನ್ನ ಎದಿಮಟ,” ಎಂದೆ. ಬೇರೇನೂ ಹೇಳಲು ಧೈರ್ಯವಾಗಲಿಲ್ಲ.

ಸಂಜೆ ಮತ್ತೆ ಕೂತರು. ಗವಿಯ ಬಾಯಿಗೆ ಬಂಡೆ ಬಿದ್ದಿದೆ. ಅದನ್ನು ಸರಿಸಲು ವಿನಾಯಕ ಮಂತ್ರ ಶುರು ಮಾಡಿದ. ಹಿಂದಿನಿಂದ ತೋಳಗಳು. ಮೊದಲ ಸಲ ದೀಪಾಳ ದಾಳ ಹದಿನಾಲ್ಕು ಬಿತ್ತು, ತೋಳ ಹಿಂದೆ ಸರಿಯಿತು. ಎರಡನೇ ಸಲ ಮೂರು. ಸಿಪಾಯಿಯ ಕೈಗೆ ಬಾಯಿ ಹಾಕಿತು.

“ಅಕಿ ಸಾಯ್ತಾಳ! ನಾ ಏಳ್ತೀನಿ,” ಎಂದ ವಿನಾಯಕ.

“ಕೂಡ್ರಲೇ! ಎದ್ದರ ಮಂತ್ರ ಮುರೀತೈತಿ. ನಾ ಅದೀನಿ,” ದೀಪಾ ಗದರಿದಳು.

ಮೂರನೇ ಸಲ ಕಡಿಮೆಯೆಂದರೂ ಹತ್ತು ಬೀಳಬೇಕು ಎಂದಳು ಸಹನಾ. ಇಲ್ಲದ ತೋಳವನ್ನು ನೋಡಲು ನಾನೂ ಹತ್ತಿರ ಬಂದು ನಿಂತಿದ್ದೆ. ಈ ಸಲ ಸೋತರೆ ಹುಡುಗಿ ಮತ್ತೆ ಗೋಡೆಗೆ ಮುಖ ಮಾಡುತ್ತಾಳೆ ಎಂಬುದೊಂದೇ ತಲೆಯಲ್ಲಿ. ದಾಳ ಉರುಳಿ ನನ್ನ ಕಾಲ ಬಳಿ ನಿಂತಿತು. ನೋಡಲು ಹೆದರಿ ಕಣ್ಣು ಮುಚ್ಚಿದೆ.

“ಹತ್ತು!” ದೀಪಾಳ ಕೂಗು ಬೀದಿಗೆ ಕೇಳಿರಬೇಕು.

ಜೂನಿನಲ್ಲಿ ಅವಳು ಶಾಲೆಗೆ ಹೋದಳು. ಆಟದಿಂದ ಎಂದು ಸೊಸೆ ಹೇಳುತ್ತಾಳೆ, ನಾನು ಹೇಳುವುದಿಲ್ಲ. ಓದುವಾಗ ಈಗಲೂ ತಡವರಿಸುತ್ತಾಳೆ, ಆದರೆ ಕೂರುವುದಿಲ್ಲ, ನಿಂತೇ ಮುಗಿಸುತ್ತಾಳೆ.

ಅಪ್ಪನ ಮಂತ್ರದಿಂದ ಯಾರಿಗೆ ಗುಣವಾಯಿತೋ ನನಗೆ ಗೊತ್ತಿಲ್ಲ. ಊರಲ್ಲಿ ಇವತ್ತಿಗೂ ಅವನ ಹೆಸರು ಹೇಳುತ್ತಾರೆ. ಬಾಗಿಲಲ್ಲಿ ನಿಂತವಳ ಹೆಸರು ಕೇಳಿದ್ದು ದೀಪಾ ಒಬ್ಬಳೇ. ಬಸವ್ವ ಎಂದೆ. ಅವಳ ಸಿಪಾಯಿಗೆ ಈಗ ಅದೇ ಹೆಸರು.