ಗೆರೆಯ ಮೇಲಿನ ಕುರಿಗಳು

ನಾನು ಮೂಡಲಗಿಯ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಪಿಎಚ್.ಡಿ. ಮಾಡುವ ಚಪಲಕ್ಕೆ ಬಿದ್ದಾಗ, ಮಳೆಗಾಲದಲ್ಲಿ ಗೊರಸು ಕೊಳೆತು ಕುರಿಗಳು ಕುಂಟುವ ರೋಗ ಹಿಂಡಿನಲ್ಲಿ ಹೇಗೆ ಹಬ್ಬುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿಯುತ್ತೇನೆಂದು ಗೈಡ್ ಎದುರು ಹೇಳಿಬಂದೆ. ಇದಕ್ಕೆಂದೇ ಒಂದು ಸಾಫ್ಟ್‌ವೇರ್ ಇದೆ. ಸಮೀಕರಣ ಕೊಟ್ಟರೆ ಅದು ಗೆರೆ ಎಳೆಯುತ್ತದೆ. ನಿಜವಾದ ಲೆಕ್ಕ ಕೊಟ್ಟರೆ ಚುಕ್ಕೆ ಇಡುತ್ತದೆ. ಗೆರೆ ಚುಕ್ಕೆಗಳ ಹತ್ತಿರ ಹಾದುಹೋದರೆ ನಾನು ಡಾಕ್ಟರ್.

ಹಿಂಡಿಗೆ ಬರವಿರಲಿಲ್ಲ. ಮಮದಾಪುರದ ನಮ್ಮ ಕಾಕಾನದೇ ಇತ್ತು. ಆದರೆ ಸಾಫ್ಟ್‌ವೇರ್ ಮೊದಲು ಕೇಳುವುದೇ ಒಟ್ಟು ಎಷ್ಟು ಎಂದು. ನಮ್ಮ ಮನೆತನದಲ್ಲೋ ಕುರಿ ಎಣಿಸುವಂತಿಲ್ಲ. ಎಣಿಸಿದ್ದು ಕಡಿಮೆಯಾಗುತ್ತದೆ ಎಂಬ ನಂಬಿಕೆ. ಕಾಕಾ ಒಂದೊಂದರ ಮುಖ ನೋಡಿ ಯಾವುದು ಬಂದಿಲ್ಲವೆಂದು ಹೇಳುತ್ತಾನೆ, ಸಂಖ್ಯೆ ಮಾತ್ರ ಬಾಯಿಗೆ ಬರುವುದಿಲ್ಲ.

“ಒಟ್ಟ ಎಷ್ಟ ಅದಾವ ಕಾಕಾ?”

“ಅದಾವಲ್ಲ ಅವ್ವಿ, ದೇವರ ಕೊಟ್ಟಷ್ಟ.”

ದೇವರು ಕೊಟ್ಟಷ್ಟನ್ನು ಸಾಫ್ಟ್‌ವೇರ್ ಒಪ್ಪಲಿಲ್ಲ. ಅಂದಾಜು ತುಂಬಿದೆ. ಕುಂಟುವ ಕುರಿಗಳ ವಿಷಯದಲ್ಲಿ ಮಾತ್ರ ಕಾಕಾ ಧಾರಾಳಿ. “ಅವನ್ನ ಎಣಸಾಕ ಏನ್ ಅಡ್ಡಿ? ಕಡಿಮಿ ಆಗ್ಲಿ ಅಂತನ ಎಣಸೂದು!” ಎಂದು ವಾರವಾರ ಫೋನಿನಲ್ಲಿ ಹೇಳತೊಡಗಿದ.

ಮೊದಲ ಚುಕ್ಕೆಗಳು ದಿಕ್ಕಾಪಾಲಾಗಿ ಬಿದ್ದವು. ರಜೆಗೆ ಊರಿಗೆ ಹೋದವಳು ಕಾಕಾನ ಮನೆಯಲ್ಲಿ ಊಟ ಬಿಟ್ಟು ಲ್ಯಾಪ್‌ಟಾಪ್ ಮುಂದೆ ಕುಳಿತೆ. ಏನಾಯಿತೆಂದು ಕೇಳಿದ. ಚುಕ್ಕೆ ಗೆರೆಯ ಮೇಲೆ ಕೂರಬೇಕಿತ್ತು ಎಂದು ತೋರಿಸಿದೆ. ರೋಗ ಮುಂದೆ ಹೇಗೆ ಇಳಿಯಬಹುದೆಂದು ಸಾಫ್ಟ್‌ವೇರ್ ಎಳೆದಿದ್ದ ಗೆರೆಯನ್ನು, ಅವನು ಕೇಳಿದನೆಂದು, ಅವನ ಮೊಬೈಲಿಗೂ ಕಳಿಸಿದೆ. ನನ್ನ ಸಂಶೋಧನೆಯಲ್ಲಿ ಮನೆಯವರೊಬ್ಬರು ಆಸಕ್ತಿ ತೋರಿಸಿದ್ದು ಅದೇ ಮೊದಲು.

ಆಮೇಲೆ ಚುಕ್ಕೆಗಳು ಒಂದರ ಹಿಂದೊಂದು ಗೆರೆಯ ಮೇಲೆ ಬಂದು ಕುಳಿತವು. ಗೈಡ್ ಹಿಗ್ಗಿದರು. “ಡೇಟಾ ಅಂದ್ರ ಹಿಂಗಿರಬೇಕ್ ನೋಡ್ರಿ” ಎಂದು ವಿಭಾಗದವರಿಗೆಲ್ಲ ತೋರಿಸಿದರು. ಪ್ರಬಂಧದ ಮುಖ್ಯ ಅಧ್ಯಾಯವೇ ಅದು. ಸಮಿತಿಯೆದುರು ಮಂಡಿಸುವ ದಿನವೂ ಗೊತ್ತಾಯಿತು. ಅಧ್ಯಾಯಕ್ಕೊಂದು ಫೋಟೋ ಇರಲೆಂದು, ಕಾಕಾ ಹಿಂಡು ಮೇಯಿಸುತ್ತಿದ್ದ ಹಿಡಕಲ್ ಜಲಾಶಯದ ದಂಡೆಗೆ ಹೋದೆ. ನನ್ನ ಗೆರೆಯ ಪ್ರಕಾರ ಇನ್ನೂ ಸಾಕಷ್ಟು ಕುರಿಗಳು ಕುಂಟಬೇಕಿತ್ತು. ಒಂದೂ ಕುಂಟುತ್ತಿರಲಿಲ್ಲ.

“ಔಷಧದ ನೀರಾಗ ನಿಲ್ಲಿಸಿದ್ನಿ, ಯಾವಾಗೋ ಆರಾಮ ಆಗ್ಯಾವ” ಎಂದ ಕಾಕಾ.

“ಮತ್ತ ವಾರಾ ವಾರಾ ಹೇಳಿದ್ದು?”

“ನೀ ಕಳಿಸಿದ ಗೆರಿ ನೋಡೇ ಹೇಳೀನಿ. ಚುಕ್ಕಿ ಆಚೀಚಿ ಆದ್ರ ನೀ ಉಣ್ಣಂಗಿಲ್ಲಲ್ಲ!”

ಸಿಟ್ಟು ನೆತ್ತಿಗೇರಿತು. ನಾಲ್ಕಾದರೂ ಕುಂಟಬಾರದಿತ್ತೇ ಎಂದು ಆ ಕುರಿಗಳನ್ನು ದುರುಗುಟ್ಟಿ ನೋಡಿದೆ. ಕಾಕಾ ನನ್ನ ಮುಖ ಕಂಡು ಅಂಜಿದ. “ಆರಾಮ ಆಗಿದ್ದ ತಪ್ಪಾತೇನ ಅವ್ವಿ?” ಎಂದು ಕೇಳಿದ. ನನಗೆ ನಾಚಿಕೆಯಾಯಿತು.

ಅಲ್ಲಿಂದಲೇ ಗೈಡ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಧ್ಯಾಯ ತೆಗೆದುಹಾಕಿ, ಹೊಸ ಹಿಂಡು ಹುಡುಕಿ ಎಂದರು. “ನಿಮ್ಮ ಮ್ಯಾಲ ಇಷ್ಟ ಜೀವ ಇರದ ಕುರಿಗಾರರು ನಿಮ್ಮೂರಾಗ ಯಾರರ ಅದಾರೇನ್ರಿ?”

ಕುರಿ ಇರುವ ಮನೆಗಳನ್ನು ಒಂದೊಂದಾಗಿ ನೆನೆದೆ. ಮಾಮಾ, ದೊಡ್ಡಪ್ಪ, ಸೋದರತ್ತೆ, ಇನ್ನೊಬ್ಬ ಕಾಕಾ.

“ಯಾರೂ ಇಲ್ರಿ ಸರ್” ಎಂದೆ.