ಟಿವಿಗೆ ಹೆದರಬೇಡಿ ಎಂದವಳು ನಾನು

ನಮ್ಮ ಅತ್ತೆಗೆ ಎಡಗಿವಿ ಕೇಳುವುದೇ ಇಲ್ಲ, ಬಲಗಿವಿ ಅವರಿಗೆ ಬೇಕಾದಾಗ ಮಾತ್ರ ಕೇಳುತ್ತದೆ. ಹಾಗಾಗಿ ಅಲೆವೂರಿನ ನಮ್ಮ ಮನೆಯ ಟಿವಿಯ ಶಬ್ದ ರಸ್ತೆಯ ಬಸ್‌ಸ್ಟಾಪಿನವರೆಗೆ ಹೋಗುತ್ತದೆ. ಬಸ್ಸಿಗೆ ಕಾಯುವವರಿಗೆ ಧಾರಾವಾಹಿಯ ಕತೆ ನೋಡದೆಯೇ ಗೊತ್ತು. ಮಹಡಿಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುವಾಗ ನಾನು ನೀರಿನ ವಿಷಯ, ಕರೆಂಟಿನ ವಿಷಯ, ಗೇಟಿನ ಬೀಗದ ವಿಷಯ ಎಲ್ಲ ಹೇಳಿದ್ದೆ. ಟಿವಿಯ ವಿಷಯ ಹೇಳಲಿಲ್ಲ. ಹೇಳಿದ್ದರೆ ಯಾರು ಬರುತ್ತಿದ್ದರು?

ಬಂದವರು ಜಪಾನಿನ ಒಬ್ಬ ಹೆಂಗಸು. ಮಣಿಪಾಲದಲ್ಲಿ ಜಪಾನಿ ಭಾಷೆ ಕಲಿಸಲು ಎರಡು ವರ್ಷಕ್ಕೆಂದು ಬಂದವರು. ಅರುವತ್ತರ ಆಸುಪಾಸು, ಒಂಟಿ, ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಿದ್ದರು. ನಾವು ಅವರನ್ನು ಟೀಚರ್ ಎಂದು ಕರೆದೆವು. ಅವರು ನನ್ನನ್ನು ಅಕ್ಕ ಎಂದರು. ನನಗಿಂತ ಎಂಟು ವರ್ಷ ದೊಡ್ಡವರು, ಆದರೆ ಬಸ್ಸಿನಲ್ಲಿ ಕಂಡಕ್ಟರು ಮುದುಕಿಯರನ್ನೂ ಅಕ್ಕ ಎನ್ನುವುದನ್ನು ಕೇಳಿ ಅದೇ ಇಲ್ಲಿಯ ಮರ್ಯಾದೆ ಎಂದು ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಮನೆಯಲ್ಲಿ ನಮ್ಮದು ತುಳು, ಅವರೆದುರು ಕನ್ನಡ. ಕನ್ನಡವನ್ನು ಅವರು ಊರಿನಲ್ಲೇ ಪುಸ್ತಕ ಇಟ್ಟುಕೊಂಡು ಕಲಿತು ಬಂದಿದ್ದರು. ನಮ್ಮ ಮಕ್ಕಳಿಗಿಂತ ಶುದ್ಧವಾಗಿ ಮಾತಾಡುತ್ತಿದ್ದರು.

ಬಂದ ಎರಡನೇ ವಾರವೇ ಒಂದು ಗ್ರಹಣ ಇತ್ತು. ಅದರ ಹಿಂದಿನ ದಿನ ಸಂಜೆ ಅತ್ತೆ ಟಿವಿಯ ಎದುರು ಕುಳಿತು ಬಸಳೆ ಸೊಪ್ಪು ಬಿಡಿಸುತ್ತಿದ್ದರು. ನ್ಯೂಸ್ ಚಾನೆಲ್‌ನಲ್ಲಿ ಮೂವರು ಜ್ಯೋತಿಷಿಗಳು. ಮೇಲೆ ಕೆಂಪು ಪಟ್ಟಿ, ಕೆಳಗೆ ಕೆಂಪು ಪಟ್ಟಿ, ನಡುನಡುವೆ ಸೈರನ್. ಅವರ ಬೆನ್ನ ಹಿಂದೆ ಒಂದು ದೊಡ್ಡ ಅಲೆ ಬಂದು ಮನೆಗಳನ್ನೂ ಕಾರುಗಳನ್ನೂ ಗುಡಿಸಿಕೊಂಡು ಹೋಗುತ್ತಿತ್ತು, ಮತ್ತೆ ಮೊದಲಿನಿಂದ ಬರುತ್ತಿತ್ತು. ನಾನು ಅಡುಗೆಮನೆಯಲ್ಲಿದ್ದೆ. ಮಹಡಿಯ ಮೆಟ್ಟಿಲಿನಲ್ಲಿ ದಡಬಡ ಸದ್ದು, ಆಮೇಲೆ ಅತ್ತೆಯ ಚೀರಾಟ. ಓಡಿ ಬಂದು ನೋಡಿದರೆ ಟೀಚರ್ ಬೆನ್ನಿಗೆ ಬ್ಯಾಗ್ ಹಾಕಿ, ಶೂ ಕಟ್ಟಿ, ಅತ್ತೆಯ ಕೈ ಹಿಡಿದು ಎಳೆಯುತ್ತಿದ್ದಾರೆ. "ಮೇಲೆ ಬನ್ನಿ ಅಮ್ಮ, ಮೇಲೆ, ಬೇಗ" ಎನ್ನುತ್ತಿದ್ದಾರೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

ನಾನು ನಕ್ಕುಬಿಟ್ಟೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ, ಆದರೆ ನಕ್ಕದ್ದು ನಿಜ. ಸಮುದ್ರ ಎಲ್ಲಿ, ಅಲೆವೂರು ಎಲ್ಲಿ.

"ಟೀಚರ್, ಅದು ಗ್ರಹಣ. ಜ್ಯೋತಿಷಿಗಳು ಹೇಳುದು. ನಾಳೆ ಎಂತ ಆಗುದಿಲ್ಲ" ಎಂದೆ.

"ಆ ನೀರು?"

"ಅದು ಎಲ್ಲಿಯದ್ದೋ ಹಳೆಯದ್ದು. ಸುಮ್ಮನೆ ಹಾಕುದು."

ಅವರು ಪರದೆಯನ್ನು ನೋಡಿದರು. "ಅದು ನಮ್ಮ ದೇಶದ್ದು" ಎಂದರು. ಆಮೇಲೆ ಶೂ ಹಾಕಿದ ಕಾಲನ್ನು ಮಡಚಿ, ನೆಲದ ಮೇಲೆ, ಬಸಳೆಯ ದಂಟುಗಳ ನಡುವೆ ಕುಳಿತುಬಿಟ್ಟರು. ನಾನು ಹೋಗಿ ಟಿವಿ ಆಫ್ ಮಾಡಿದೆ.

ಅವರದ್ದು ಕಡಲ ಬದಿಯ ಊರು. ಕೆಲವು ವರ್ಷಗಳ ಹಿಂದೆ ಕಡಲು ಒಳಗೆ ನುಗ್ಗಿ ಊರನ್ನೇ ಒಯ್ದಿತ್ತು. ಟಿವಿಯಲ್ಲಿ ಎಚ್ಚರಿಕೆಯ ಗಂಟೆಯ ಶಬ್ದ ಬಂದ ಕೂಡಲೇ ಇವರು ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಬೆಟ್ಟ ಹತ್ತಿದ್ದರಂತೆ. ಅವರಲ್ಲಿ ಟಿವಿ ಆಟಕ್ಕೆ ಕೂಗುವುದಿಲ್ಲವಂತೆ. ಕೂಗಿತೆಂದರೆ ಕೈಯಲ್ಲಿದ್ದ ಚಮಚವನ್ನು ಅಲ್ಲೇ ಹಾಕಿ ಓಡಬೇಕು, ಮತ್ತೆ ಯೋಚಿಸಬೇಕು. ಇಷ್ಟನ್ನು ಒಂದೊಂದೇ ಶಬ್ದ ಹುಡುಕಿ ಹೇಳಿದರು. ಅವರ ಮನೆಯಲ್ಲಿ ಯಾರು ಯಾರಿದ್ದರು, ಯಾರು ಉಳಿದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮಾಡಿದ ತಪ್ಪನ್ನು ಸರಿ ಮಾಡಬೇಕು ಎಂದು ಹೊರಡುವುದು ನನ್ನ ಹುಟ್ಟುಗುಣ. ಅವರನ್ನು ನೋಡಿ ನಕ್ಕದ್ದಕ್ಕೆ ಪ್ರಾಯಶ್ಚಿತ್ತ ಎನ್ನುವ ಹಾಗೆ, ನಮ್ಮ ಟಿವಿಗೆ ಹೆದರದಿರುವುದನ್ನು ಅವರಿಗೆ ಕಲಿಸಲು ಹೊರಟೆ. ದಿನಾ ಸಂಜೆ ಕೆಳಗೆ ಕರೆದೆ, ಚಹಾ ಕೊಟ್ಟೆ, ಅತ್ತೆಯ ಪಕ್ಕದಲ್ಲಿ ಕೂರಿಸಿದೆ. ಸೈರನ್ ಬಂದರೆ ಜಾಹೀರಾತು ಬರಲಿದೆ ಎಂದು ಅರ್ಥ. ಆ್ಯಂಕರ್ ಬೊಬ್ಬೆ ಹಾಕಿದರೆ ಅವನ ಹತ್ತಿರ ಸುದ್ದಿ ಇಲ್ಲ ಎಂದು ಅರ್ಥ. ಒಮ್ಮೆ ಕಾರ್ಕಳದಲ್ಲಿ ಚಿರತೆ, ಜನ ಗಡಗಡ ಎಂದು ಮೂರು ದಿನ ತೋರಿಸಿದರು. ಅತ್ತೆಯ ತಮ್ಮ ಇರುವುದು ಕಾರ್ಕಳದಲ್ಲೇ. ಟೀಚರ್ ಎದುರಿಗೇ ನಾನು ಅವರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. "ಚಿರತೆ ಎಂತದ್ದು, ಇಲ್ಲಿ ಒಂದು ಬೆಕ್ಕೂ ಇಲ್ಲ ಮಾರಾಯ್ತಿ" ಎಂದರು ಅವರು, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು. ಟೀಚರ್ ನಕ್ಕರು. ಅವರು ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು.

ನಮ್ಮ ಟಿವಿಯ ಬಗ್ಗೆ ಅವರಿಗೆ ಅವರದೇ ಅಭಿಪ್ರಾಯಗಳಿದ್ದವು. ಅವರ ಊರಿನಲ್ಲಿ ಸುದ್ದಿ ಓದುವವರು ಒಂದು ಅಕ್ಷರ ತಪ್ಪಿದರೂ ತಲೆ ಬಾಗಿಸಿ ಕ್ಷಮೆ ಕೇಳುತ್ತಾರಂತೆ. "ಇಲ್ಲಿ ಎಂಟು ಜನ ಎಂಟು ಪೆಟ್ಟಿಗೆಯಲ್ಲಿ ಕುಳಿತು ಒಟ್ಟಿಗೆ ಮಾತಾಡುತ್ತಾರೆ, ಯಾರು ಕೇಳುತ್ತಾರೆ?" ಎಂದು ವಿಚಾರಿಸಿದರು. ಧಾರಾವಾಹಿಯ ಸೊಸೆ ಒಂದು ಮಾತಿಗೆ ಮೂರು ಸಲ ಯಾಕೆ ತಿರುಗಿ ನೋಡುತ್ತಾಳೆ, ಕುತ್ತಿಗೆ ನೋಯುವುದಿಲ್ಲವೇ ಎಂದರು. ಅತ್ತೆಗೆ ಸಿಟ್ಟು ಬಂತು. "ಅವಳಿಗೆ ಅಷ್ಟು ಆಘಾತ ಆಗಿದೆ, ಇವರಿಗೆ ಕುತ್ತಿಗೆಯ ಚಿಂತೆ" ಎಂದು ನನ್ನ ಹತ್ತಿರ ತುಳುವಿನಲ್ಲಿ ಗೊಣಗಿದರು. ಆದರೆ ಟೀಚರ್ ಒಂದು ದಿನ ಬರದಿದ್ದರೆ ಕತೆಯನ್ನು ಮರುದಿನ ಹೇಳಿ ಒಪ್ಪಿಸುವವರೂ ಅವರೇ.

ಊರಿಗೆ ಆ ದೊಡ್ಡ ಅಲೆ ಬಂದ ಮೇಲೆ ಟೀಚರ್ ಕಡಲಿನ ಹತ್ತಿರ ಹೋದವರಲ್ಲ. ಅದನ್ನೂ ಬಿಡಿಸಿಯೇ ತೀರುತ್ತೇನೆ ಎಂದು ಒಂದು ಭಾನುವಾರ ಕಾಪುವಿನ ಬೀಚಿಗೆ ಕರೆದುಕೊಂಡು ಹೋದೆ. ಮೊದಲ ಸಲ ರಸ್ತೆಯಲ್ಲೇ ನಿಂತರು. ಎರಡನೇ ಸಲ ಮರಳಿಗೆ ಇಳಿದರು. ಆರು ತಿಂಗಳಲ್ಲಿ ಒಬ್ಬರೇ ಬಸ್ ಹತ್ತಿ, ಭಾನುವಾರ ಬೆಳಿಗ್ಗೆ ಹೋಗಿ ದೀಪಸ್ತಂಭದ ಬದಿಯ ಬಂಡೆಯ ಮೇಲೆ ಕುಳಿತು ಮಧ್ಯಾಹ್ನ ಊಟಕ್ಕೆ ಬರುವಷ್ಟಾದರು. ನನಗೆ ಜಂಭ. ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ತಿರುಗಿದೆ, ಅವರ ಹೆದರಿಕೆ ಬಿಡಿಸಿದವಳು ನಾನೇ ಎಂದು.

ಮೇ ತಿಂಗಳ ಕೊನೆಯ ಭಾನುವಾರ. ವಾಯುಭಾರ ಕುಸಿತ ಎಂದು ಎರಡು ದಿನಗಳಿಂದ ಟಿವಿಯಲ್ಲಿ ಒಂದೇ ಗಲಾಟೆ. ಕರಾವಳಿಗೆ ರೆಡ್ ಅಲರ್ಟ್. ಆ ತಿಂಗಳಿನಲ್ಲಿ ಅದು ಮೂರನೆಯದು. ಹಿಂದಿನ ಎರಡಕ್ಕೆ ಒಣಗಲು ಹಾಕಿದ ಬಟ್ಟೆ ಒದ್ದೆಯಾಗುವಷ್ಟೂ ಮಳೆ ಬಂದಿರಲಿಲ್ಲ. ನಾನು ನೀರುದೋಸೆ ಹೊಯ್ಯುತ್ತಿದ್ದೆ. ಟೀಚರ್ ಕೊಡೆ ಹಿಡಿದು ಬಾಗಿಲಿನಲ್ಲಿ ನಿಂತು, "ಅಕ್ಕ, ಇವತ್ತು ಟಿವಿ ಬಹಳ ಕೆಂಪು. ಕಾಪುವಿಗೆ ಹೋಗಬಹುದೇ?" ಎಂದು ಕೇಳಿದರು.

ನಾನು ತಿರುಗಿಯೂ ನೋಡಲಿಲ್ಲ. "ಎಂತ ಆಗುದಿಲ್ಲ ಟೀಚರ್. ಟಿವಿಯಲ್ಲಿ ಯಾವಾಗ್ಲೂ ಹಾಗೇ. ಹೋಗಿ ಬನ್ನಿ" ಎಂದೆ. ಕಾವಲಿಯ ಮೇಲಿನ ದೋಸೆ ಕರಟುತ್ತಿತ್ತು. ಅದೇ ನನ್ನ ಚಿಂತೆ.

ಹನ್ನೊಂದು ಗಂಟೆಗೆ ನನ್ನ ಗಂಡನ ಫೋನು. ಅವರಿಗೆ ಮಣಿಪಾಲದಲ್ಲಿ ಇಲೆಕ್ಟ್ರಿಕ್ ಸಾಮಾನಿನ ಅಂಗಡಿ, ಭಾನುವಾರ ಅರ್ಧ ದಿನ. "ಕಾಪುವಿನಿಂದ ಆಚೆ, ಪಡುಬಿದ್ರಿಯಲ್ಲಿ ಕಡಲು ರಸ್ತೆಗೆ ಬಂದಿದೆಯಂತೆ. ಅಂಗಡಿಗೆ ಬಂದವರು ಕಣ್ಣಾರೆ ಕಂಡು ಬಂದದ್ದು. ಟೀಚರ್ ಮನೆಯಲ್ಲಿ ಇದ್ದಾರೆ ಅಲ್ವಾ?" ಎಂದರು.

ಟೀಚರಿಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್. ಮತ್ತೆ ಹಚ್ಚಿದೆ, ಮತ್ತೆ ಅದೇ. ಹೊರಗೆ ಆಗಲೇ ಆಕಾಶ ಕಪ್ಪಾಗಿ, ಮಾವಿನ ಮರ ನೆಲಕ್ಕೆ ಬಾಗಿ ಏಳುತ್ತಿತ್ತು. ಕರೆಂಟು ಇನ್ನೂ ಹೋಗಿರಲಿಲ್ಲ. ಗಂಡ ಅಂಗಡಿಯ ವ್ಯಾನು ತರುವವರೆಗೆ ನಾನು ಟಿವಿಯ ಎದುರು ನೆಲಕ್ಕೆ ಕುಳಿತೆ, ಗೇಣು ದೂರದಲ್ಲಿ.

ಅಷ್ಟು ಹೆದರಿ ನಾನು ಯಾವತ್ತೂ ಟಿವಿ ನೋಡಿರಲಿಲ್ಲ. ಸ್ಟುಡಿಯೋದ ಒಳಗೆ ಒಬ್ಬ ಕೊಡೆ ಬಿಡಿಸಿಕೊಂಡು ನಿಂತು ಕಿರುಚುತ್ತಿದ್ದಾನೆ. ಅವನ ಕಾಲಿನ ಸುತ್ತ ಕಂಪ್ಯೂಟರಿನಲ್ಲಿ ಮಾಡಿದ ನೀರು ಏರುತ್ತಿದೆ. ತೆಂಗಿನ ಮರಗಳು ಬೀಳುತ್ತಿವೆ, ಎಲ್ಲಿಯವೋ. ಒಂದು ದೋಣಿ ಮಗುಚುತ್ತಿದೆ, ಯಾವಾಗಿನದೋ. ಅಲೆ ಬರುತ್ತಿದೆ, ಅದೇ ಅಲೆ ಮತ್ತೆ ಬರುತ್ತಿದೆ. ನಡುವೆ ಟೀಚರ ಊರಿನ ಅಲೆಯೂ ಬಂತು, ಗ್ರಹಣದ ದಿನ ಬಂದದ್ದೇ. ನಾನು ಅದರಲ್ಲಿ ಕಾಪುವಿನ ದೀಪಸ್ತಂಭವನ್ನು ಹುಡುಕುತ್ತಿದ್ದೆ. ಇವತ್ತಿನದು ಯಾವುದು, ಇಲ್ಲಿಯದು ಯಾವುದು, ಒಂದೂ ಗೊತ್ತಾಗುತ್ತಿಲ್ಲ. ಒಂದು ಸಲ, ಒಂದೇ ಒಂದು ಸಲ ನಿಜ ಹೇಳು ಎಂದು ನಾನು ಆ ಪೆಟ್ಟಿಗೆಯ ಹತ್ತಿರ ಬೇಡಿಕೊಂಡೆ. ಚಾನೆಲ್ ಬದಲಿಸಿದೆ. ಅಲ್ಲಿ ಧಾರಾವಾಹಿಯ ಮರುಪ್ರಸಾರ.

ಹಿಂದಿನಿಂದ ಅತ್ತೆ ನಿಧಾನಕ್ಕೆ ಹೇಳಿದರು, "ಬೆಳಿಗ್ಗೆ ನೀನೇ ಅಲ್ವಾ ಹೋಗಿ ಬನ್ನಿ ಅಂದದ್ದು." ಅದನ್ನು ಅವರ ಬಲಗಿವಿ ಕೇಳಿಸಿಕೊಂಡಿತ್ತು.

ಕಟಪಾಡಿಗೆ ಇಳಿದು ಹೆದ್ದಾರಿ ಹಿಡಿಯುವಾಗ ಮಳೆ ಹೊಡೆಯತೊಡಗಿತು. ವೈಪರು ಸೋತುಹೋಯಿತು. ಇವರು ಗಾಜಿಗೆ ಮೂಗು ತಾಗಿಸಿ ಓಡಿಸುತ್ತಿದ್ದರು. ಕಾಪುವಿನ ಮಾರಿಯಮ್ಮನಿಗೆ ಹರಕೆ ಹೇಳಿಕೊಂಡೆ. ಆಮೇಲೆ ಒಂದು ಕೆಟ್ಟ ಯೋಚನೆ ಬಂತು. ಏನಾದರೂ ಆಗಿದ್ದರೆ ಯಾರಿಗೆ ಹೇಳುವುದು? ಅವರ ಊರಿನ ಒಂದು ನಂಬರೂ ನನ್ನ ಹತ್ತಿರ ಇರಲಿಲ್ಲ. ಒಂದೂವರೆ ವರ್ಷ ಒಟ್ಟಿಗೆ ಚಹಾ ಕುಡಿದು, ನಿಮಗೆ ಯಾರಿದ್ದಾರೆ ಎಂದು ಕೇಳದ ಹೆಂಗಸು ನಾನು. ಹೇಳುವುದಾದರೂ ಏನು? ಅವರು ಕೇಳಿಯೇ ಹೋದರು, ನಾನೇ ಕಳಿಸಿದೆ ಎಂದೇ?

ಬೀಚಿಗೆ ಹೋಗುವ ರಸ್ತೆಗೆ ಪೊಲೀಸ್ ಜೀಪು ಅಡ್ಡ ನಿಲ್ಲಿಸಿದ್ದರು. ನಾವು ಇಳಿದು ಓಡಿದೆವು. ಮರಳು ಇರಲಿಲ್ಲ. ಟೀಚರ್ ಕೂರುವ ಬಂಡೆಯೂ ಕಾಣುತ್ತಿರಲಿಲ್ಲ, ಅದರ ಮೇಲೆ ಕೆಸರು ಬಣ್ಣದ ನೀರು ಎದ್ದು ಬೀಳುತ್ತಿತ್ತು. ಬಿದ್ದಾಗ ನಿಂತ ನೆಲ ಅದುರುತ್ತಿತ್ತು. ಹುಟ್ಟಿದಂದಿನಿಂದ ಈ ಕಡಲನ್ನು ನೋಡಿದವಳು ನಾನು, ಅವತ್ತು ಅದರ ಕಡೆ ಒಂದು ಹೆಜ್ಜೆ ಇಡಲು ನನಗೆ ಆಗಲಿಲ್ಲ. "ಟೀಚರ್" ಎಂದು ಕೂಗಿದೆ. ನನ್ನ ಸ್ವರ ನನಗೇ ಕೇಳಲಿಲ್ಲ. ಇನ್ನೂ ಜೋರಾಗಿ ಕೂಗಿದೆ.

"ಅಕ್ಕ, ನೀವು ಆ ಜಪಾನಿನ ಟೀಚರಮ್ಮನ ಮನೆಯವರಾ?"

ಕೇಳಿದ್ದು ಎಳನೀರು ಮಾರುವ ಬ್ಯಾರಿ ಮುಸ್ಲಿಮ್ ಮುದುಕರು, ಮೇಲೆ ರಸ್ತೆ ಬದಿಯಲ್ಲಿ ಅವರ ಅಂಗಡಿ. ಒಳಗೆ ಟೀಚರ್ ಸ್ಟೂಲಿನ ಮೇಲೆ ಕುಳಿತಿದ್ದರು. ಬರಿಗಾಲು, ಎದೆಯವರೆಗೆ ಒದ್ದೆ, ಮೊಣಕೈಯಿಂದ ರಕ್ತ. ಮುದುಕರ ಹೆಂಡತಿ ತಮ್ಮ ಶಾಲನ್ನು ಅವರಿಗೆ ಹೊದಿಸಿ ಬೆನ್ನು ತಿಕ್ಕುತ್ತಿದ್ದರು. ನನಗೆ ಹೋದ ಜೀವ ಬಂತು.

"ನಾನು ಬೆಳಿಗ್ಗೆಯೇ ಹೇಳಿದ್ದೆ, ಇವತ್ತು ಕಡಲಿನ ಬಣ್ಣ ಸರಿ ಇಲ್ಲ, ಬಂಡೆಗೆ ಹೋಗುದು ಬೇಡ ಅಂತ" ಎಂದರು ಮುದುಕರು. "ಇವರು ಕೇಳಿದ್ರೆ ಅಲ್ವಾ? ಎಂತ ಆಗುದಿಲ್ಲ, ಟಿವಿಯಲ್ಲಿ ಯಾವಾಗ್ಲೂ ಹಾಗೇ ಅಂತ ನನಗೇ ಹೇಳ್ತಾರೆ. ನಾನು ಟಿವಿ ನೋಡಿ ಹೇಳಿದ್ದಲ್ಲ ಮಾರಾಯ್ರೆ, ನೀರು ನೋಡಿ ಹೇಳಿದ್ದು. ಮತ್ತೆ ನೀರು ಬಂಡೆಗೆ ಏರಿದಾಗ ನಾವು ಇಬ್ಬರು ಹಗ್ಗ ಕಟ್ಟಿ ಎಳೆದದ್ದು."

ಪುಸ್ತಕದ ಕನ್ನಡ ಮಾತಾಡುವ ಟೀಚರ್, ಅಷ್ಟನ್ನು ಮಾತ್ರ ನನ್ನ ಬಾಯಲ್ಲಿ ಹೇಗೆ ಬರುತ್ತದೋ ಹಾಗೇ ಹೇಳಿದ್ದರು. ನಾನು ತಲೆ ಎತ್ತಲಿಲ್ಲ.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕುಳಿತೆ. "ಬೈಯಿರಿ ಟೀಚರ್, ನನಗೆ ಎರಡು ಬೈಯಿರಿ" ಎಂದೆ. ಅವರು ಬೈಯಲಿಲ್ಲ. ಮತ್ತೆ ಶಬ್ದಗಳನ್ನು ಹುಡುಕಿ ಹುಡುಕಿ ಹೇಳಿದರು.

"ನನಗೆ ಒಬ್ಬಳು ತಂಗಿ ಇದ್ದಳು. ಬೆಟ್ಟದ ಮೇಲಿನಿಂದ ನಾನು ಅವಳಿಗೆ ಫೋನ್ ಮಾಡಿದೆ. ಓಡಿ ಬಾ ಎಂದೆ. ಅವಳು ಹೇಳಿದಳು, ಅಕ್ಕ, ಟಿವಿ ಯಾವಾಗಲೂ ಹಾಗೆ ಹೇಳುತ್ತದೆ, ಕಳೆದ ಸಲ ಬಂದದ್ದು ಇಷ್ಟೇ ನೀರು." ಅವರು ಬಗ್ಗಿ, ಬರಿಗಾಲಿನ ಹರಡಿನ ಹತ್ತಿರ ಕೈ ಇಟ್ಟು ತೋರಿಸಿದರು.

ನಾನು ಸೆರಗಿನ ತುದಿಯನ್ನು ಅವರ ಮೊಣಕೈಯ ಗಾಯಕ್ಕೆ ಒತ್ತಿದೆ.

"ನೀವು ಹೇಳುವಾಗ ನನಗೆ ಅವಳು ಹೇಳಿದ ಹಾಗೆ ಕೇಳುತ್ತಿತ್ತು. ಅದಕ್ಕೆ ನನಗೆ ಇಷ್ಟವಾಯಿತು. ಅವಳು ಹೇಳಿದ್ದು ಒಂದು ಸಲವಾದರೂ ಸರಿಯಾಗಲಿ ಎಂದು ನನಗೆ ಆಸೆ ಇತ್ತು, ಅಕ್ಕ."

ಕಟಪಾಡಿ ದಾಟುವವರೆಗೆ ನಾನು ಅವರ ಕೈ ಹಿಡಿದುಕೊಂಡೇ ಇದ್ದೆ. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಹೇಳದೆ ಇರಬಹುದಿತ್ತು, ಆದರೆ ಇನ್ನೊಂದು ಭಾನುವಾರ ಅವರು ಅದೇ ಆಸೆಯಿಂದ ಹೊರಟರೆ ಎಂಬ ಹೆದರಿಕೆ ನನ್ನನ್ನು ಬಿಡಲಿಲ್ಲ. "ಅವಳು ಹೇಳಿದ್ದು ತಪ್ಪು ಟೀಚರ್" ಎಂದೆ. "ನಾನು ಹೇಳಿದ್ದೂ ತಪ್ಪು."

"ಗೊತ್ತು" ಎಂದರು ಅವರು. ಆಮೇಲೆ, ನಾನು ಅವರನ್ನು ನೋಡಿದಂದಿನಿಂದ ಮೊದಲ ಸಲ ಅತ್ತರು, ಬಾಯಿಗೆ ಕೈ ಅಡ್ಡ ಹಿಡಿಯದೆ.